ಪಠ್ಯಪುಸ್ತಕ ಸಮಿತಿಗೆ ಒಂದು ಬಹಿರಂಗ ಪತ್ರ: ಕೆರೆನ್ ಕಾಳಗಕ್ಕೆ ಎರಡು ಪುಟ ಕೊಡಿ

ಮಾನ್ಯ ಅಧ್ಯಕ್ಷರಿಗೆ ಮತ್ತು ಸಮಿತಿಯ ಸದಸ್ಯರಿಗೆ,

ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು ನಾನು. ನಿಮ್ಮ ಮೇಜಿನ ಮೇಲೆ ಮನವಿಗಳಿಗೆ ಬರ ಇಲ್ಲ ಅಂತ ಗೊತ್ತು. ಆ ಪಾಠ ತೆಗೀರಿ, ಈ ಪದ್ಯ ಸೇರಿಸಿ, ನಮ್ಮವರ ಹೆಸರು ಯಾಕೆ ಬಿಟ್ರಿ ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಸರ್ಕಾರ ಬದಲಾದಾಗಂತೂ ಹೇಳೋದೇ ಬೇಡ. ನನ್ನದು ಚಿಕ್ಕ ಬೇಡಿಕೆ. ಹತ್ತನೇ ತರಗತಿಯಲ್ಲಿ ಎರಡನೇ ಮಹಾಯುದ್ಧದ ಪಾಠ ಇದೆಯಲ್ಲ, ಅದರಲ್ಲಿ ಕೆರೆನ್ ಎಂಬ ಘಾಟಿಯಲ್ಲಿ ನಡೆದ ಕಾಳಗಕ್ಕೆ ಎರಡು ಪುಟ ಕೊಡಿ. ಜಯಂತಿ ಬೇಡ, ರಜೆ ಬೇಡ, ಪುತ್ಥಳಿ ಬೇಡ. ಎರಡು ಪುಟ, ಒಂದು ನಕಾಶೆ.

ಇದನ್ನು ಸುಮ್ನೆ ಕಚೇರಿಗೆ ಅಂಚೆಯಲ್ಲಿ ಹಾಕಬಹುದಿತ್ತು. ಹಾಕದೆ ಎಲ್ಲರೆದುರು ಬರೆಯುತ್ತಿರುವುದು, ಪಾಠ ಮಾಡುವ ಮೇಷ್ಟ್ರು, ಮೇಡಂಗಳೂ ಓದಲಿ ಅಂತ. ಸಮಿತಿ ಒಪ್ಪದಿದ್ದರೂ ಒಂದು ಪೀರಿಯಡ್ ಅವರ ಕೈಯಲ್ಲಿರುತ್ತದೆ.

ಕೆರೆನ್ ಇರುವುದು ಎರಿಟ್ರಿಯಾದಲ್ಲಿ, ಕೆಂಪು ಸಮುದ್ರದ ಆಫ್ರಿಕಾ ದಡದ ದೇಶದಲ್ಲಿ. 1890ರಿಂದ ಅದು ಇಟಲಿಯ ವಸಾಹತು. 1935ರಲ್ಲಿ ಮುಸೊಲಿನಿಯ ಸೇನೆ ಇಲ್ಲಿಂದಲೇ ಹೊರಟು ಪಕ್ಕದ ಇಥಿಯೋಪಿಯಾದ ಮೇಲೆ ಬಿತ್ತು. ವಿಷಾನಿಲ ಹಾಕಿ ಗೆದ್ದಿತು. ಮರುವರ್ಷ ಎರಿಟ್ರಿಯಾ, ಇಥಿಯೋಪಿಯಾ, ಇಟಾಲಿಯನ್ ಸೊಮಾಲಿಲ್ಯಾಂಡ್ ಮೂರನ್ನೂ ಒಂದು ಮಾಡಿ ಇಟಾಲಿಯನ್ ಪೂರ್ವ ಆಫ್ರಿಕಾ ಅಂತ ಹೆಸರಿಟ್ಟರು. 1940ರ ಜೂನ್ 10ರಂದು ಇಟಲಿ ಯುದ್ಧಕ್ಕೆ ಇಳಿಯಿತು. ಜುಲೈನಲ್ಲಿ ಗಡಿ ದಾಟಿ ಬ್ರಿಟಿಷರ ಕೈಯಲ್ಲಿದ್ದ ಸುಡಾನಿನ ಕಸ್ಸಾಲಾ ಪಟ್ಟಣ ಹಿಡಿಯಿತು. ಎರಿಟ್ರಿಯಾದ ಮಸಾವಾ ಬಂದರಿನಲ್ಲಿ ಅದರ ಯುದ್ಧನೌಕೆಗಳಿದ್ದವು. ಸೂಯೆಜ್‌ಗೆ ಹೋಗುವ ಹಡಗುಗಳೆಲ್ಲ ಅದರ ಮುಂದೆಯೇ ಹಾದುಹೋಗಬೇಕು. ಬ್ರಿಟಿಷರಿಗೆ ನಿದ್ದೆ ಬರದಿದ್ದದ್ದು ಇದಕ್ಕೇ.

ಸುಡಾನಿನ ಕಡೆಯಿಂದ ಎರಿಟ್ರಿಯಾಕ್ಕೆ ನುಗ್ಗುವ ಕೆಲಸ ಜನರಲ್ ವಿಲಿಯಂ ಪ್ಲಾಟ್ ಪಾಲಿಗೆ ಬಂತು. ಅವನ ಕೈಯಲ್ಲಿದ್ದ ಮುಖ್ಯ ಸೇನೆ ಯಾವುದು? 4ನೇ ಮತ್ತು 5ನೇ ಇಂಡಿಯನ್ ಡಿವಿಷನ್‌ಗಳು. ಒಂದೊಂದು ಬ್ರಿಗೇಡಿನಲ್ಲಿ ಸಾಮಾನ್ಯವಾಗಿ ಒಂದು ಬ್ರಿಟಿಷ್ ಪಲ್ಟನ್, ಎರಡು ಭಾರತೀಯ ಪಲ್ಟನ್. ಪಂಜಾಬಿಗಳು, ರಜಪೂತರು, ಜಾಟರು, ಸಿಖ್ಖರು, ಗಢವಾಲಿಗಳು, ಬಲೂಚ್ ರೆಜಿಮೆಂಟಿನವರು, ಗಡಿನಾಡಿನ ಪಠಾಣರು, ಮರಾಠರು. ಮೇಲಿನ ಅಧಿಕಾರಿಗಳು ಹೆಚ್ಚುಕಮ್ಮಿ ಎಲ್ಲರೂ ಬ್ರಿಟಿಷರು. ತೋಪುಗಳ ದಳವೂ ಹೆಚ್ಚಾಗಿ ಅವರದೇ. ಗುಡ್ಡ ಹತ್ತಬೇಕಾದವರಲ್ಲಿ ನಮ್ಮವರೇ ಜಾಸ್ತಿ.

1941ರ ಜನವರಿ 19ರಂದು ಈ ಸೇನೆ ಗಡಿ ದಾಟಿತು. ಮೊದಲ ಹತ್ತು ಹದಿನೈದು ದಿನ ಎಲ್ಲ ಸಲೀಸು. ಇಟಾಲಿಯನ್ನರು ಹಿಂದೆ ಹಿಂದೆ ಸರಿದರು. ಅಗೊರ್ದಾತ್ ಬಿತ್ತು, ಬರೆಂಟು ಬಿತ್ತು. ಫೆಬ್ರವರಿ 2ರ ಹೊತ್ತಿಗೆ ಮುಂಚೂಣಿಯ ತುಕಡಿ ಕೆರೆನ್ ಬುಡಕ್ಕೆ ಬಂದು ನಿಂತಿತು. ನಿಂತದ್ದು ನಿಂತೇಬಿಟ್ಟಿತು. ಅಲ್ಲಿಂದ ಪಟ್ಟಣದೊಳಗೆ ಕಾಲಿಡಲು ಮಾರ್ಚ್ 27 ಆಗಬೇಕಾಯಿತು.

ನಕಾಶೆ ಬೇಕು ಅಂತ ಹಟ ಮಾಡುತ್ತಿರುವುದು ಈ ಜಾಗ ಅರ್ಥವಾಗಲಿ ಅಂತ. ಪಶ್ಚಿಮದ ಬಿಸಿಲು ಬಯಲಿನಿಂದ ಮೇಲಿನ ಪ್ರಸ್ಥಭೂಮಿಗೆ ಹತ್ತುವ ದಾರಿ ಕೆರೆನ್ ಮೂಲಕ ಹೋಗುತ್ತದೆ. ಪಟ್ಟಣ ಇರುವುದು ಸುಮಾರು 1,300 ಮೀಟರ್ ಎತ್ತರದಲ್ಲಿ. ಕೊನೆಯ ಏರಿನಲ್ಲಿ ರಸ್ತೆ ಡೊಂಗೊಲಾಸ್ ಎಂಬ ಇಕ್ಕಟ್ಟಾದ ಕೊರಕಲಿನೊಳಗೆ ನುಗ್ಗುತ್ತದೆ. ಎಡಕ್ಕೆ ಸಾಂಕಿಲ್ ಬೆಟ್ಟ. ಅದರ ಪಕ್ಕೆಯನ್ನು ಕೊರೆದು ಪುಟ್ಟ ರೈಲು ಹಳಿ ಹಾಕಿದ್ದಾರೆ, ಒಂದು ಸುರಂಗವೂ ಇದೆ. ಬಲಕ್ಕೆ ಡೊಲೊಗೊರೊಡೊಕ್ ಗುಡ್ಡ, ಅದರ ಮೇಲೊಂದು ಸಣ್ಣ ಕೋಟೆ. ಹಿಂದೆ ಜೆಬಾನ್, ಫಲೆಸ್ತೊ ಎಂಬ ಶಿಖರಗಳು. ಇಟಾಲಿಯನ್ನರು ಹಿಂದೆ ಸರಿಯುವಾಗ ಕೊರಕಲಿನ ಗೋಡೆಗಳಿಗೆ ಸಿಡಿಮದ್ದು ಇಟ್ಟು ಬಂಡೆಗಳನ್ನೆಲ್ಲ ರಸ್ತೆಗೆ ಕೆಡವಿದ್ದರು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತಲ್ವಾ, ಹಾಗೆ. ವ್ಯತ್ಯಾಸ ಇಷ್ಟೇ: ಇಲ್ಲಿ ಮಣ್ಣು ತೆಗೆಯಲು ಹೋದವರ ಮೇಲೆ ಎರಡೂ ಕಡೆಯ ಗುಡ್ಡದಿಂದ ಮೆಷಿನ್ ಗನ್ ಗುಂಡು ಹಾರುತ್ತಿತ್ತು. ಹಾಗಾಗಿ ಮೊದಲು ಗುಡ್ಡ ಹಿಡಿಯಬೇಕು, ಆಮೇಲೆ ಬಂಡೆ ಸರಿಸಬೇಕು, ಆಮೇಲೆ ಟ್ಯಾಂಕು, ಲಾರಿ ಹೋಗಬೇಕು. ಇಡೀ ಕಾಳಗದ ಲೆಕ್ಕ ಇಷ್ಟೇ. ಬೋರ್ಡಿನ ಮೇಲೆ ಐದು ಗೆರೆ ಎಳೆದರೆ ಮಕ್ಕಳಿಗೆ ತಿಳಿಯುತ್ತದೆ.

ಮೇಲೆ ಕೂತಿದ್ದವರೂ ಸಾಮಾನ್ಯರಲ್ಲ. ಜನರಲ್ ಕಾರ್ನಿಮೆಯೊ ಕೈಕೆಳಗೆ ಸವೋಯಾ ಗ್ರೆನೇಡಿಯರ್‌ಗಳು, ಬೆಟ್ಟದ ಯುದ್ಧದಲ್ಲಿ ಪಳಗಿದ ಆಲ್ಪಿನಿಗಳು, ಇವರ ಜತೆ ವಸಾಹತಿನ ಬ್ರಿಗೇಡುಗಳು. ಇಟಾಲಿಯನ್ ಸೈನಿಕರೆಂದರೆ ಬಿಳಿ ಬಾವುಟ ಹಿಡಿದು ಬರುವವರು ಅನ್ನುವ ಜೋಕು ಯುದ್ಧದ ಕತೆಗಳಲ್ಲಿ ಬಹಳ ಓಡುತ್ತದೆ. ಕೆರೆನ್ ಓದಿದವರು ಆ ಜೋಕಿಗೆ ನಗುವುದಿಲ್ಲ.

ಫೆಬ್ರವರಿ ಮೊದಲ ವಾರ ಸ್ಕಾಟ್ಲೆಂಡಿನ ಕ್ಯಾಮರಾನ್ ಪಲ್ಟನ್ ಸಾಂಕಿಲ್ ಕೆಳಗಿನ ಒಂದು ಏಣು ಹಿಡಿಯಿತು. ಅದಕ್ಕೆ ಅವರದೇ ಹೆಸರು ಬಿತ್ತು. ಅದರಾಚೆ ಬ್ರಿಗ್ಸ್ ಪೀಕ್ ಅಂತ ಒಂದು ಶಿಖರ. ಪಂಜಾಬ್ ರೆಜಿಮೆಂಟಿನವರು ಆ ತಿಂಗಳಲ್ಲಿ ಎರಡು ಸಲ ಅದನ್ನು ಹಿಡಿದರು. ಎರಡು ಸಲವೂ ಬಿಟ್ಟು ಇಳಿಯಬೇಕಾಯಿತು. ಯಾಕೆ ಅಂದರೆ ಹಿಡಿಯುವುದು ಒಂದು ಕಷ್ಟ, ಅಲ್ಲಿ ಉಳಿಯುವುದು ಅದಕ್ಕಿಂತ ಕಷ್ಟ. ಮೇಲೆ ಒಂದು ಹನಿ ನೀರಿಲ್ಲ. ಅಗೆದು ಕೂರೋಣ ಅಂದರೆ ಬರೀ ಬಂಡೆ. ಚೂಪು ಹುಲ್ಲು, ಮುಳ್ಳುಪೊದೆ. ಗುಂಡು, ನೀರು, ಊಟ ಎಲ್ಲ ಬೆನ್ನ ಮೇಲೆ ಹೊತ್ತು ಏರಬೇಕು. ಸೈಪ್ರಸ್‌ನಿಂದ ಬಂದ ಹೇಸರಗತ್ತೆಯ ದಳಗಳಿದ್ದವು, ಅವು ಹತ್ತಲಾರದ ಕಡೆ ಮನುಷ್ಯರೇ ಹತ್ತಬೇಕು. ಕಾದಾಡಬೇಕಾದ ಕಾಲಾಳುಗಳಲ್ಲೇ ಒಂದು ದೊಡ್ಡ ಪಾಲು ಹೊರೆ ಹೊರುವ ಕೆಲಸಕ್ಕೆ ಹೋಯಿತು. ಗಾಯಗೊಂಡವನನ್ನು ಕೆಳಗಿಳಿಸುವುದೂ ಹಾಗೇ, ಹೆಗಲ ಮೇಲೆ. ಮೇಲಿನಿಂದ ಇಟಾಲಿಯನ್ನರು ಕೆಂಪು ಬಣ್ಣದ ಸಣ್ಣ ಕೈಬಾಂಬುಗಳನ್ನು ಇಳಿಜಾರಿಗೆ ಎಸೆಯುತ್ತಿದ್ದರು. ಎಸೆಯುವವನಿಗೆ ಇಳಿಜಾರೇ ಸಹಾಯ ಮಾಡುತ್ತಿತ್ತು.

ಇಲ್ಲಿ ಒಬ್ಬರ ಬಗ್ಗೆ ನಾಲ್ಕು ಸಾಲು ಜಾಸ್ತಿ ಬರೆಯುತ್ತೇನೆ. ಸುಬೇದಾರ್ ರಿಚ್‌ಪಾಲ್ ರಾಮ್. ಈಗಿನ ಹರಿಯಾಣದವರು, ರಜಪುತಾನಾ ರೈಫಲ್ಸ್‌ನ 4ನೇ ಬೆಟಾಲಿಯನ್. ಕೊರಕಲಿನಿಂದ ಬಲಕ್ಕೆ ದೂರದಲ್ಲಿ ಆಕ್ವಾ ಎಂಬ ಇನ್ನೊಂದು ಕಣಿವೆ ದಾರಿ ಇದೆ. ಫೆಬ್ರವರಿ 7ರ ರಾತ್ರಿ ಅಲ್ಲಿಂದ ನುಗ್ಗಲು ನೋಡಿದರು. ಕಂಪನಿಯ ಕಮಾಂಡರ್ ಗಾಯಗೊಂಡ. ರಿಚ್‌ಪಾಲ್ ರಾಮ್ ಮುಂದಾಳಾದರು. ಸುಮಾರು 30 ಜನರ ಜತೆ ಗುರಿ ಮುಟ್ಟಿದರು. ಅಕ್ಕಪಕ್ಕದವರು ಹಿಂದೆಯೇ ಸಿಕ್ಕಿಕೊಂಡಿದ್ದರು, ಇವರು ಮೇಲೆ ಒಂಟಿ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಆರು ಎದುರುದಾಳಿ ತಡೆದರು. ಗುಂಡು ಮುಗಿಯಿತು. ಉಳಿದ ಕೆಲವರನ್ನು ಕಟ್ಟಿಕೊಂಡು ಸುತ್ತುವರಿದವರ ನಡುವೆಯೇ ದಾರಿ ಮಾಡಿಕೊಂಡು ವಾಪಸ್ ಬಂದರು. ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಐದು ದಿನ ಬಿಟ್ಟು, ಫೆಬ್ರವರಿ 12ರಂದು, ಅದೇ ಜಾಗಕ್ಕೆ ಮತ್ತೆ ಕಳಿಸಿದರು. ಹೋದರು. ಬಲಪಾದ ಹಾರಿಹೋಯಿತು. ಮತ್ತೂ ಗಾಯಗಳಾದವು. ಬಿದ್ದಲ್ಲಿಂದಲೇ ಹುಡುಗರನ್ನು ಮುಂದೆ ಕಳಿಸುತ್ತಾ ಸತ್ತರು. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಆ ಕಣಿವೆ ದಾರಿ ಮಾತ್ರ ಅಂದೂ ಸಿಗಲಿಲ್ಲ.

ಪದಕದ ಕತೆ ಹೇಳುವಾಗ ಈ ಕೊನೆಯ ವಾಕ್ಯವನ್ನು ಸಾಮಾನ್ಯವಾಗಿ ನುಂಗಿಬಿಡುತ್ತೇವೆ. ದಯವಿಟ್ಟು ನೀವು ನುಂಗಬೇಡಿ.

ಒಂದು ತಿಂಗಳು ತಯಾರಿ ಮಾಡಿಕೊಂಡು ಮಾರ್ಚ್ 15ರಂದು ಮತ್ತೆ ಶುರು ಮಾಡಿದರು. ಎಡಕ್ಕೆ 4ನೇ ಡಿವಿಷನ್, ಬಲಕ್ಕೆ 5ನೆಯದು. ಹಗಲೆಲ್ಲ ಬಂಡೆ ಕಾದ ಕಾವಲಿ. ಬಲಗಡೆ ಮೊದಲು ಹೋದ ಹೈಲ್ಯಾಂಡ್ ಲೈಟ್ ಇನ್ಫೆಂಟ್ರಿಯವರು ಗುಡ್ಡದ ಬುಡದಲ್ಲೇ ಬಿಸಿಲಿಗೂ ಗುಂಡಿಗೂ ಸಿಕ್ಕಿ ಅಲ್ಲಾಡದಂತಾದರು. ಕತ್ತಲಾದ ಮೇಲೆ ಮರಾಠಾ ಲೈಟ್ ಇನ್ಫೆಂಟ್ರಿಯ 3ನೇ ಬೆಟಾಲಿಯನ್ ಕಡಿದಾದ ಒಂದು ಗೋಪುರಬಂಡೆಯನ್ನು ಹತ್ತಿ ಹಿಡಿಯಿತು. ಫ್ರಾಂಟಿಯರ್ ಫೋರ್ಸ್‌ನವರು ಪಕ್ಕದ ದಿಬ್ಬ ಹಿಡಿದರು. ಅವರು ಮಾಡಿಕೊಟ್ಟ ದಾರಿಯಲ್ಲಿ ಬೆಳಗಾಗುವ ಹೊತ್ತಿಗೆ ವೆಸ್ಟ್ ಯಾರ್ಕ್‌ಷೈರ್‌ನವರು ಡೊಲೊಗೊರೊಡೊಕ್ ಕೋಟೆಗೆ ನುಗ್ಗಿದರು. ಅದು ಮಾರ್ಚ್ 16. ಆಮೇಲೆ ಇಟಾಲಿಯನ್ನರು ಆ ಕೋಟೆಗಾಗಿ ಮೇಲಿಂದ ಮೇಲೆ ಎದುರುದಾಳಿ ಮಾಡಿದರು. ಅವರ ಕಡೆಯ ಹೆಸರುವಾಸಿ ಜನರಲ್ ಒರ್ಲಾಂಡೊ ಲೊರೆಂಝೀನಿ ಮಾರ್ಚ್ 17ರಂದು ಸತ್ತ.

ಕೋಟೆ ಸಿಕ್ಕಿದ್ದರಿಂದ ಸೇನೆಯ ಎಂಜಿನಿಯರ್‌ಗಳಾದ ಸ್ಯಾಪರ್‌ಗಳು ರಾತ್ರಿಯಲ್ಲಿ ಕೊರಕಲಿಗೆ ನುಸುಳಿ ಬಂಡೆರಾಶಿ ನೋಡಿಕೊಂಡು ಬಂದರು. ಎರಡು ದಿನ ಕೊಟ್ಟರೆ ದಾರಿ ಮಾಡುತ್ತೇವೆ ಅಂದರು. ಕಾಳಗದ ಗಂಟು ಬಿಚ್ಚಿದ್ದು ಇಲ್ಲಿ ಅಂತ ನನ್ನ ಎಣಿಕೆ. ಶಿಖರಗಳಿಗಾಗಿ ತಲೆ ಚಚ್ಚಿಕೊಳ್ಳುವುದನ್ನು ಬಿಟ್ಟು ಕೊರಕಲಿನ ಎರಡೂ ಪಕ್ಕೆ ಹಿಡಿದರೆ ಸಾಕು ಅನ್ನುವ ಯೋಚನೆ ಬಂತು. ಮಾರ್ಚ್ 25ರ ನಸುಕಿನಲ್ಲಿ ಒಂದು ಬ್ರಿಗೇಡ್ ಆ ರೈಲು ಸುರಂಗದ ಮೂಲಕ ಹೊರಬಿದ್ದು ಹಳಿಯ ಉದ್ದಕ್ಕೂ ನುಗ್ಗಿತು. ಇನ್ನೊಂದು ಬ್ರಿಗೇಡ್ ಕೋಟೆಯ ಕಡೆಯಿಂದ ಇಳಿಯಿತು. ಸ್ಯಾಪರ್‌ಗಳು ಕೆಲಸಕ್ಕೆ ಬಿದ್ದರು. 27ರ ಬೆಳಿಗ್ಗೆ ನೋಡಿದರೆ ಮೇಲಿನವರು ಖಾಲಿ ಮಾಡಿದ್ದರು.

ಬ್ರಿಟಿಷ್ ಕಡೆ ಸತ್ತವರು 536, ಗಾಯಗೊಂಡವರು 3,229. ಇಟಲಿ ಕಡೆ ಸತ್ತವರು ಸುಮಾರು 3,000. ಏಪ್ರಿಲ್ 1ಕ್ಕೆ ಎರಿಟ್ರಿಯಾದ ರಾಜಧಾನಿ ಅಸ್ಮರಾ ಬಿತ್ತು, 8ಕ್ಕೆ ಮಸಾವಾ. ಅದೇ ತಿಂಗಳ 11ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೆಂಪು ಸಮುದ್ರ ಇನ್ನು ಯುದ್ಧವಲಯ ಅಲ್ಲ ಅಂತ ಘೋಷಿಸಿದರು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದರೂ ಅದರ ಹಡಗುಗಳು ನೇರ ಸೂಯೆಜ್‌ವರೆಗೆ ಸಾಮಾನು ತರುವಂತಾಯಿತು. ಮೇ 5ರಂದು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಅಡಿಸ್ ಅಬಾಬಕ್ಕೆ ಮರಳಿದರು. ಗೆದ್ದ 4ನೇ ಡಿವಿಷನ್‌ಗೆ ಉಸಿರಾಡಲೂ ಬಿಡಲಿಲ್ಲ. ಉತ್ತರ ಆಫ್ರಿಕಾದಲ್ಲಿ ಜರ್ಮನಿಯ ಜನರಲ್ ರೊಮೆಲ್ ಬಂದಿದ್ದ, ಅಲ್ಲಿಗೆ ಓಡಿ ಅಂದರು.

ಇಷ್ಟು ಯುದ್ಧದ ಕತೆ. ನಾನು ಎರಡು ಪುಟ ಕೇಳುತ್ತಿರುವುದು ಬರೀ ಇದಕ್ಕಲ್ಲ.

ಮಹಾಯುದ್ಧದ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತಿತ್ತು. ಒಂದೊಂದು ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳೋರು. “ಸಾರ್, ಆ ಯುದ್ಧದಲ್ಲಿ ನಾವು ಯಾರ ಕಡೆ?” ಪುಸ್ತಕದಲ್ಲಿ ಮಿತ್ರ ರಾಷ್ಟ್ರಗಳು, ಶತ್ರು ರಾಷ್ಟ್ರಗಳು ಅಂತ ಎರಡು ಪಟ್ಟಿ ಇರುತ್ತದೆ. ಭಾರತ ಬ್ರಿಟನ್ ಕಡೆ ಅಂತ ಹೇಳಿ ಮುಂದೆ ಹೋಗಬಹುದು. ಆದರೆ ನಾಲ್ಕು ಪಾಠ ಹಿಂದಕ್ಕೆ ಅದೇ ಮಕ್ಕಳಿಗೆ ಬ್ರಿಟಿಷರು ನಮ್ಮನ್ನು ಕೇಳದೆ ಯುದ್ಧಕ್ಕೆ ಎಳೆದರು, ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು ಅಂತ ಹೇಳಿರುತ್ತೇವೆ. ಎರಡೂ ನಿಜ. ಎರಡನ್ನೂ ಒಂದೇ ಕಡೆ ಇಟ್ಟು ತೋರಿಸುವ ಪುಟ ನಾನು ಪಾಠ ಮಾಡಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕೆರೆನ್ ಆ ಪುಟ ಆಗಬಹುದು. ದಿನಾಂಕಗಳನ್ನು ಸ್ವಲ್ಪ ಪಕ್ಕಪಕ್ಕ ಇಟ್ಟು ನೋಡಿ.

1941ರ ಜನವರಿ 16ರ ರಾತ್ರಿ ಸುಭಾಷ್ ಚಂದ್ರ ಬೋಸರು ಕಲ್ಕತ್ತದ ಮನೆಯಿಂದ, ಪೊಲೀಸರ ಕಣ್ಣು ತಪ್ಪಿಸಿ, ಪಠಾಣನ ವೇಷದಲ್ಲಿ ಹೊರಟರು. ಮೂರೇ ದಿನಕ್ಕೆ ಇತ್ತ ನಮ್ಮ ಡಿವಿಷನ್‌ಗಳು ಎರಿಟ್ರಿಯಾಕ್ಕೆ ನುಗ್ಗಿದವು. ಬೋಸರು ಪೇಶಾವರದ ಮೂಲಕ ಕಾಬೂಲ್ ಮುಟ್ಟಿ ವಾರಗಟ್ಟಲೆ ಕಾದರು. ಕೊನೆಗೆ ಕೈ ಹಿಡಿದದ್ದು ಕಾಬೂಲಿನ ಇಟಾಲಿಯನ್ ರಾಯಭಾರ ಕಚೇರಿ. ಇಟಾಲಿಯನ್ ಪಾಸ್‌ಪೋರ್ಟ್ ಸಿಕ್ಕಿತು, ಒರ್ಲಾಂಡೊ ಮತ್ಸೋತ್ತಾ ಎಂಬ ಹೆಸರಿನಲ್ಲಿ. ಅದನ್ನು ಹಿಡಿದು ಅವರು ಕಾಬೂಲ್ ಬಿಟ್ಟದ್ದು ಮಾರ್ಚ್ 18ರಂದು. ಅಂದರೆ ಕೆರೆನ್‌ನಲ್ಲಿ ಒರ್ಲಾಂಡೊ ಲೊರೆಂಝೀನಿ ಸತ್ತ ಮರುದಿನ. ಕಾದಂಬರಿಯಲ್ಲಿ ಬರೆದರೆ ಇದೇನು ಅತಿಯಾಯ್ತು ಅಂತೀವಿ. ಮಾಸ್ಕೋ ಮೂಲಕ ಬರ್ಲಿನ್ ಮುಟ್ಟಿದಾಗ ಏಪ್ರಿಲ್ ಆರಂಭ, ಅಸ್ಮರಾ ಬಿದ್ದ ಹೊತ್ತು.

ಅದೇ ತಿಂಗಳುಗಳಲ್ಲಿ ನೆಹರು ಎಲ್ಲಿದ್ದರು? ಬ್ರಿಟಿಷರ ಜೈಲಿನಲ್ಲಿ. 1936ರಲ್ಲಿ ರೋಮ್ ಮೂಲಕ ಬರುವಾಗ, ಇಥಿಯೋಪಿಯಾದ ಮೇಲೆ ಬಿದ್ದ ಮನುಷ್ಯನನ್ನು ನೋಡುವುದಿಲ್ಲ ಅಂತ ಮುಸೊಲಿನಿಯ ಕರೆಯನ್ನೇ ತಿರಸ್ಕರಿಸಿ ಬಂದವರು ಅವರು. ಫ್ಯಾಸಿಸಂ ಅನ್ನು ನಮ್ಮ ನಾಯಕರಲ್ಲಿ ಅವರಷ್ಟು ಬೈದವರು ಕಡಿಮೆ. ಆದರೂ ಫ್ಯಾಸಿಸ್ಟರ ವಿರುದ್ಧ ಯುದ್ಧ ಮಾಡುತ್ತಿದ್ದ ಸರ್ಕಾರವೇ ಅವರನ್ನು ಒಳಗೆ ಹಾಕಿತ್ತು. ಹೊರಗೆ ಗಾಂಧಿಯ ವೈಯಕ್ತಿಕ ಸತ್ಯಾಗ್ರಹ ನಡೆದಿತ್ತು. ಮೊದಲ ಸತ್ಯಾಗ್ರಹಿ ವಿನೋಬಾ ಭಾವೆ. ಈ ಯುದ್ಧಕ್ಕೆ ಆಳು ಕೊಡಬೇಡಿ, ಹಣ ಕೊಡಬೇಡಿ ಅಂತ ಹೇಳಿದ್ದಕ್ಕೇ ಜನ ಜೈಲಿಗೆ ಹೋಗುತ್ತಿದ್ದರು.

ಇನ್ನು ಗುಡ್ಡದ ಮೇಲೆ ರಿಚ್‌ಪಾಲ್ ರಾಮ್.

ಈಗ ಆ ಹಿಂದಿನ ಬೆಂಚಿನ ಹುಡುಗನಿಗೆ ಏನು ಉತ್ತರ ಕೊಡೋಣ? ಬೋಸರು ದೇಶಪ್ರೇಮಿ, ಹಾಗಾಗಿ ಸಿಪಾಯಿ ಬಾಡಿಗೆ ಬಂಟ ಅನ್ನೋಣವೇ? ಅಥವಾ ಸಿಪಾಯಿ ವೀರ, ಜೈಲಿಗೆ ಹೋದವರು ಹೇಡಿಗಳು ಅನ್ನೋಣವೇ? ಎರಡೂ ಮಾತು ಈಗ ಮೊಬೈಲಿನಲ್ಲಿ ಬೇಕಾದಷ್ಟು ಓಡಾಡುತ್ತಿವೆ. ಮೂವರೂ ನಮ್ಮವರೇ. ಮೂವರೂ ಒಂದೇ ಪುಟದಲ್ಲಿ ಇರಬೇಕು. ಉತ್ತರ ಬರೆಯುವ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಎರಡು ಅಂಕದ ಪ್ರಶ್ನೆಗೆ ಇದು ಒಗ್ಗುವುದಿಲ್ಲ, ಒಪ್ಪುತ್ತೇನೆ.

ಗುಡ್ಡದ ಆ ಕಡೆ ಕತೆ ಇನ್ನೂ ಸಿಕ್ಕು. ಇಟಲಿಯ ವಸಾಹತು ಬ್ರಿಗೇಡುಗಳಲ್ಲಿ ಇದ್ದವರು ಅಸ್ಕರಿಗಳು, ಆಫ್ರಿಕಾದವರು. ಎರಿಟ್ರಿಯಾದ ಹುಡುಗರನ್ನು ಇಟಲಿ ಹತ್ತೊಂಬತ್ತನೇ ಶತಮಾನದಿಂದಲೇ ಸೇನೆಗೆ ಸೇರಿಸಿಕೊಳ್ಳುತ್ತಿತ್ತು. 1896ರಲ್ಲಿ ಅಡ್ವಾದಲ್ಲಿ ಇಥಿಯೋಪಿಯಾ ಇಟಲಿಯನ್ನು ಸೋಲಿಸಿದಾಗ ಅವರಲ್ಲೂ ಎಷ್ಟೋ ಜನ ಸತ್ತರು. ಸೆರೆ ಸಿಕ್ಕವರ ಕೈಕಾಲು ಕತ್ತರಿಸಿದರು. ಲಿಬಿಯಾ ಹಿಡಿಯಲೂ ಅವರನ್ನೇ ಒಯ್ದರು. 1941ರಲ್ಲಿ ಅವರು ತಮ್ಮದೇ ಬೆಟ್ಟದ ಮೇಲೆ ಇನ್ನೊಬ್ಬರ ಬಾವುಟ ಕಾಯುತ್ತಿದ್ದರು. ಕೆಳಗಿನಿಂದ ಹತ್ತುತ್ತಿದ್ದವನು ಪಂಜಾಬಿನ ರೈತನ ಮಗ, ಅವನದೂ ಇನ್ನೊಬ್ಬರ ಬಾವುಟ. ಇಬ್ಬರಿಗೂ ಸಂಬಳ ಬರುತ್ತಿತ್ತು. ಇಬ್ಬರಿಗೂ ಊರಲ್ಲಿ ಮನೆ, ಸಾಲ, ತಂಗಿ ಮದುವೆ ಇದ್ದಿರಬೇಕು. ಒಬ್ಬರಿಗೊಬ್ಬರು ಏನು ಅನ್ಯಾಯ ಮಾಡಿದ್ದರು?

ಇಟಲಿ ಸೋತ ಮೇಲೆ ಎರಿಟ್ರಿಯಾ ಸ್ವತಂತ್ರವಾಯಿತು ಅಂತ ಮಕ್ಕಳು ಅಂದುಕೊಳ್ಳಬಹುದು. ಆಗಲಿಲ್ಲ. 1952ರವರೆಗೆ ಬ್ರಿಟಿಷರ ಆಡಳಿತ. ಆಮೇಲೆ ವಿಶ್ವಸಂಸ್ಥೆಯ ತೀರ್ಮಾನದಂತೆ ಇಥಿಯೋಪಿಯಾದ ಜತೆ ಒಕ್ಕೂಟ. 1962ರಲ್ಲಿ ಇಥಿಯೋಪಿಯಾ ಅದನ್ನು ಪೂರ್ತಿ ನುಂಗಿತು. ಅದಕ್ಕೂ ಮೊದಲೇ, 1961ರಲ್ಲಿ, ಬಂದೂಕು ಹಿಡಿದ ಹೋರಾಟ ಶುರುವಾಗಿತ್ತು. 30 ವರ್ಷ ನಡೆಯಿತು. 1993ರಲ್ಲಿ ಜನಮತ ತೆಗೆದುಕೊಂಡು ದೇಶವಾಯಿತು. ಅಂದರೆ 1941ರಲ್ಲಿ ಕೆರೆನ್ ಗೆದ್ದವನಿಗೂ ಸ್ವಾತಂತ್ರ್ಯ ಸಿಗಲಿಲ್ಲ, ಸೋತವನಿಗೂ ಸಿಗಲಿಲ್ಲ. ನಮಗೆ ಇನ್ನೂ ಆರು ವರ್ಷ, ಅವರಿಗೆ ಐವತ್ತೆರಡು.

ಕೆರೆನ್ ಊರಿನ ಹೊರಗೆ ಸ್ಮಶಾನಗಳಿವೆ. ಕಾಮನ್‌ವೆಲ್ತ್ ಯುದ್ಧ ಸ್ಮಶಾನದಲ್ಲಿ 440 ಸಮಾಧಿಗಳು. ಅದರೊಳಗೇ ಒಂದು ಸ್ಮಾರಕ, ತಮ್ಮ ಪದ್ಧತಿಯಂತೆ ದಹನವಾದ 285 ಹಿಂದೂ, ಸಿಖ್ ಸೈನಿಕರಿಗಾಗಿ. ಇಟಾಲಿಯನ್ನರ ಸ್ಮಶಾನ ಬೇರೆ. ಅಲ್ಲಿ ಅಸ್ಕರಿಗಳೂ ಮಲಗಿದ್ದಾರೆ. ಎಷ್ಟೋ ಕಲ್ಲುಗಳ ಮೇಲೆ ಹೆಸರಿಲ್ಲ. ಅಪರಿಚಿತ ಅಸ್ಕರಿ ಅಂತ ಇಟಾಲಿಯನ್ ಭಾಷೆಯಲ್ಲಿ ಬರೆದಿದೆ, ಅಷ್ಟೇ. ಹುಟ್ಟಿದ ನೆಲದಲ್ಲೇ ಅಪರಿಚಿತ.

“ಮೇಷ್ಟ್ರೇ, ಇದೆಲ್ಲ ಸರಿ, ಕರ್ನಾಟಕದ ಪುಸ್ತಕಕ್ಕೆ ಯಾಕೆ?” ಅಂತ ಸಮಿತಿಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಕೆರೆನ್ ಕಾಳಗವನ್ನು ಕನ್ನಡಿಗರ ಕಾಳಗ ಅಂತ ನಾನು ಹೇಳುವುದಿಲ್ಲ. ಹಾಗೆ ಎಳೆದು ತರುವುದೂ ಬೇಡ. ಇರುವ ನಂಟು ಹೇಳಿದರೆ ಸಾಕು, ಅದೇ ಬೇಕಾದಷ್ಟಿದೆ. ಆ ರಾತ್ರಿ ಗೋಪುರಬಂಡೆ ಹತ್ತಿದ ಮರಾಠಾ ಲೈಟ್ ಇನ್ಫೆಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ, ಆಗಲೂ ಅಲ್ಲೇ ಇತ್ತು. ಬೆಳಗಾವಿಯ ಮಕ್ಕಳು ದಿನಾ ಅದರ ಗೇಟು ದಾಟಿ ಶಾಲೆಗೆ ಹೋಗುತ್ತಾರೆ. 4ನೇ ಡಿವಿಷನ್‌ನ ಎಂಜಿನಿಯರ್ ಪಡೆಗಳಲ್ಲಿ ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ ಇತ್ತು. ಆ ಸ್ಯಾಪರ್ಸ್‌ನ ಮನೆ ಬೆಂಗಳೂರು, ಹಲಸೂರು ಕೆರೆಯ ಪಕ್ಕ. ಹೆಸರು ಮದ್ರಾಸ್, ಇರುವುದು ಇಲ್ಲಿ.

ಮೂರನೆಯದು ಜಾಲಹಳ್ಳಿ. ಈಗ ಬಿಇಎಲ್, ಎಚ್‌ಎಂಟಿ, ಏರ್‌ಫೋರ್ಸ್ ಅಂತ ಗುರುತು ಹೇಳುವ ಜಾಗ. ಆ ಯುದ್ಧದ ಕಾಲದಲ್ಲಿ ಅಲ್ಲಿ ಇಟಾಲಿಯನ್ ಯುದ್ಧಕೈದಿಗಳ ಶಿಬಿರಗಳಿದ್ದವು. ಆಫ್ರಿಕಾದ ರಣರಂಗಗಳಲ್ಲಿ ಸೆರೆ ಸಿಕ್ಕವರನ್ನು ಹಡಗು ಹತ್ತಿಸಿ ಇಲ್ಲಿಗೆ ಕಳಿಸಿದ್ದರು. ನಮ್ಮ ಹುಡುಗರು ಅಲ್ಲಿಗೆ ಹೋದರು, ಅವರ ಹುಡುಗರು ಇಲ್ಲಿಗೆ ಬಂದರು. ಜಾಲಹಳ್ಳಿಯಲ್ಲಿ ಬಸ್ ಹಿಡಿಯುವ ಎಷ್ಟು ಜನಕ್ಕೆ ಇದು ಗೊತ್ತು?

ನಮಗೆ ಹೈಫಾ ಗೊತ್ತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜತೆ ಸೇರಿ ಹೈಫಾ ಹಿಡಿದ ಕತೆ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಬರಲಿ, ಸಂತೋಷ. ಆ ಕತೆ ಹೇಳುವುದು ಸುಲಭ. ಕುದುರೆ ಇದೆ, ಈಟಿ ಇದೆ, ಒಂದೇ ದಿನದ ಗೆಲುವು. ಮಹಾರಾಜರ ಹೆಸರೂ ಇದೆ. ಕೆರೆನ್‌ನಲ್ಲಿ ಇದ್ಯಾವುದೂ ಇಲ್ಲ. 53 ದಿನ ಬಂಡೆ ಹತ್ತಿ ಇಳಿದದ್ದೇ ಬಂತು. ಹಾಡು ಕಟ್ಟಲು ಒಗ್ಗದ ಕಾಳಗ. ತರಗತಿಗೆ ಇದೇ ಒಳ್ಳೆಯದು ಅನ್ನಿಸುತ್ತದೆ ನನಗೆ.

ಎರಡು ಕಡೆಯಿಂದ ನಿಮಗೆ ಒತ್ತಡ ಬರಬಹುದು. ಒಂದು, ಬ್ರಿಟಿಷರ ಚಾಕರಿ ಮಾಡಿದವರ ಕತೆ ನಮಗೆ ಯಾಕೆ ಅಂತ. ಎರಡನೇ ಮಹಾಯುದ್ಧದ ಹೊತ್ತಿಗೆ ನಮ್ಮ ಲಕ್ಷಾಂತರ ಮನೆಗಳಿಂದ ಒಬ್ಬ ಮಗನಾದರೂ ಆ ಸೇನೆಗೆ ಹೋಗಿದ್ದ. 25 ಲಕ್ಷ ಜನರ ಸೇನೆ ಅದು. ಅಷ್ಟು ಮನೆಗಳನ್ನು ಚರಿತ್ರೆಯಿಂದ ಆಚೆ ಹಾಕಲು ಆಗುತ್ತದೆಯೇ? ಅದೇ ಸೇನೆ 1947ರಲ್ಲಿ ನಮ್ಮದಾಯಿತು. ಎರಿಟ್ರಿಯಾ ದಂಡಯಾತ್ರೆಯ ಹೊತ್ತಿಗೇ, ಕೆರೆನ್‌ಗೆ ದಕ್ಷಿಣಕ್ಕೆ ಇಥಿಯೋಪಿಯಾ ಗಡಿಯಲ್ಲಿ, ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮೀಂದ್ರ ಸಿಂಗ್ ಭಗತ್ ನಾಲ್ಕು ದಿನ ಸತತ ನೆಲಬಾಂಬು ತೆಗೆದು ವಿಕ್ಟೋರಿಯಾ ಕ್ರಾಸ್ ಪಡೆದರು. ಸ್ವತಂತ್ರ ಭಾರತದ ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಆದರು. ಅವರನ್ನು ಯಾವ ಖಾನೆಗೆ ಹಾಕುತ್ತೀರಿ?

ಇನ್ನೊಂದು ಒತ್ತಡ ಇದಕ್ಕಿಂತ ಜೋರು: ಇದನ್ನು ಶೌರ್ಯದ ಪಾಠ ಮಾಡಿ, ಮಕ್ಕಳ ಎದೆ ಉಬ್ಬಬೇಕು ಅಂತ. ಶೌರ್ಯ ಇದೆ, ಬರೆಯಿರಿ. ಆದರೆ ಅಸ್ಕರಿಯನ್ನು ಬಿಡಬೇಡಿ. ನೀರಿಲ್ಲದೆ ನಾಲಗೆ ಒಣಗಿದ್ದನ್ನು ಬಿಡಬೇಡಿ. ಗುಡ್ಡದ ಮೇಲೆ ಕೊಳೆತ ಹೆಣಗಳನ್ನು, ಒಂದೇ ಜಾಗಕ್ಕೆ ಎರಡು ಸಲ ಕಳಿಸಿದ್ದನ್ನು ಬಿಡಬೇಡಿ. ಹದಿನೈದು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ. ನಮಗಿಂತ ಚೆನ್ನಾಗಿಯೇ ಅರ್ಥವಾಗುತ್ತದೆ.

ಕೊನೆಯದಾಗಿ ಕೆಲಸದ ಮಾತು. ನಕಾಶೆಯಲ್ಲಿ ಎತ್ತರದ ಗೆರೆಗಳು ಇರಲಿ, ಭೂಗೋಳದ ಪಾಠಕ್ಕೂ ಆಗುತ್ತದೆ. ಕಸ್ಸಾಲಾ, ಅಗೊರ್ದಾತ್, ಕೆರೆನ್, ಅಸ್ಮರಾ, ಮಸಾವಾ ಐದು ಊರು ಗುರುತಿಸಿದರೆ ಸಾಕು. ಪಕ್ಕದಲ್ಲಿ 1941ರ ಜನವರಿಯಿಂದ ಏಪ್ರಿಲ್‌ವರೆಗಿನ ಒಂದು ಕಾಲರೇಖೆ: ಮೇಲೆ ಕೆರೆನ್, ಕೆಳಗೆ ಬೋಸ್, ನೆಹರು, ಸತ್ಯಾಗ್ರಹ. ಅಭ್ಯಾಸಕ್ಕೆ ಬಿಟ್ಟ ಸ್ಥಳ ತುಂಬಿರಿ ಬೇಡ. ನಿಮ್ಮ ತಾಲ್ಲೂಕಿನಿಂದ ಆ ಯುದ್ಧಕ್ಕೆ ಹೋದವರು ಯಾರಾದರೂ ಇದ್ದರೇ ಅಂತ ಮನೆಯ ಹಿರಿಯರನ್ನು ಕೇಳಿ ಬನ್ನಿ ಅಂತ ಒಂದು ಸಾಲು ಹಾಕಿ. ಬೆಳಗಾವಿ, ಬೆಂಗಳೂರಿನ ಶಾಲೆಗಳಿಗೆ ಆ ಎರಡು ರೆಜಿಮೆಂಟ್ ಕೇಂದ್ರಗಳ ಅನುಮತಿ ಪಡೆದು ಒಂದು ದಿನದ ಭೇಟಿ ಇಡಬಹುದು. ಜಾಗ ಸಾಲದು ಅಂದರೆ ಯುದ್ಧದ ಕಾರಣಗಳ ಆ ಉದ್ದ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಮೂವತ್ತು ಬ್ಯಾಚಿಗೂ ಬಾಯಿಪಾಠ ಮಾಡಿಸಿದವನಾಗಿ ಹೇಳುತ್ತೇನೆ, ಪರೀಕ್ಷೆ ಮುಗಿದ ಸಂಜೆಯೇ ಅದು ಮರೆತುಹೋಗುತ್ತದೆ.

ಕರಡು ಬರೆಯಲು ಜನ ಬೇಕಾದರೆ ಹೇಳಿ ಕಳಿಸಿ. ಬಿಟ್ಟಿ ಕೆಲಸ, ಭತ್ಯೆಯೂ ಬೇಡ. ಮುಂದಿನ ಪರಿಷ್ಕರಣೆ ಯಾವಾಗ ಅಂತ ಗೊತ್ತಾದರೆ ಅಷ್ಟರೊಳಗೆ ನಕಾಶೆಯನ್ನು ನಾನೇ ಬಿಡಿಸಿ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ